ನಾಲ್ಕು ಬಾರದ ಇನ್ಸ್‌ಪೆಕ್ಟರ್

2023ರ ಮಾರ್ಚ್ 11, ಶನಿವಾರ. ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಸರೋವರದ ದಡದ ಕಿಸುಮು ಪಟ್ಟಣದ ಕವೀರೊ ಪೊಲೀಸ್ ಠಾಣೆಗೆ ಮಿಲ್ಡ್ರೆಡ್ ಅಗುಟು ಎಂಬ ಮೂವತ್ತೆಂಟು ವರ್ಷದ ಶಾಲಾ ಶಿಕ್ಷಕಿ ಬಂದು, ತನ್ನ ತಂದೆ ಬೆಳಿಗ್ಗೆಯಿಂದ ಕಾಣುತ್ತಿಲ್ಲವೆಂದು ದೂರು ಕೊಟ್ಟಳು. ಠಾಣಾ ದಿನಚರಿಯಲ್ಲಿ ಅದು ಆ ದಿನದ ಇಪ್ಪತ್ತೇಳನೆಯ ನಮೂದು. ಹೆಸರು ಎಲಿಯಾ ಅಗುಟು, ವಯಸ್ಸು ಅರವತ್ತೇಳು, ವೃತ್ತಿ ನಟ ಎಂದು ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಮಕೋಖಾ ಅಲ್ಲಿಗೆ ಪೆನ್ನು ನಿಲ್ಲಿಸಿದ.

“ಯಾವ ಅಗುಟು? ನಮ್ಮ ಸುಂಬಾ ಅವರಾ?”

“ಹೌದು,” ಎಂದಳು ಮಿಲ್ಡ್ರೆಡ್. “ಅವರೇ.”

ಮಕೋಖಾ ಎದ್ದು ಒಳಕೋಣೆಗೆ ಹೋಗಿ ಇನ್ಸ್‌ಪೆಕ್ಟರ್ ಪೆರಿಸ್ ನ್ಯಾಬೋಕೆಯನ್ನು ಕರೆತಂದ.

ಇನ್ಸ್‌ಪೆಕ್ಟರ್ ಸುಂಬಾ ಯಾರೆಂದು ಆ ಠಾಣೆಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. 2008ರಿಂದ ಒಂಬತ್ತು ವರ್ಷ ಪ್ರತಿ ಗುರುವಾರ ಸಂಜೆ ಟಿವಿಯಲ್ಲಿ ಬಂದ ‘ಬಂದರು ಠಾಣೆ’ ಧಾರಾವಾಹಿಯ ನಾಯಕ ಅವನು. ಪ್ರತಿ ಕಂತಿನಲ್ಲೂ ಒಬ್ಬ ಆರೋಪಿಯನ್ನು ಕುರ್ಚಿಯಲ್ಲಿ ಕೂರಿಸುತ್ತಿದ್ದ. ತನ್ನ ಕಂದು ಕೋಟು ಕಳಚಿ ಗೋಡೆಗೆ ತೂಗುಹಾಕಿ, “ನಾನು ಮೂರರವರೆಗೆ ಎಣಿಸ್ತೀನಿ. ನಾಲ್ಕು ನನಗೆ ಬರಲ್ಲ,” ಎನ್ನುತ್ತಿದ್ದ. ಮೂರು ಎಂದ ಮೇಲೆ ಏಟು. ಏಟಿನ ಹಿಂದೆಯೇ ಸತ್ಯ. ಆ ಮಾತನ್ನು ಬಾಡಿಗೆಗೆ ಓಡುವ ಮಟಾಟು ವ್ಯಾನುಗಳ ಹಿಂಬದಿಗೆ ಬರೆಸಿದ್ದರು. ಊಟ ಮಾಡದ ಮಕ್ಕಳಿಗೆ ತಾಯಂದಿರು ಹೇಳುತ್ತಿದ್ದರು. ಪೊಲೀಸರೂ ಹೇಳುತ್ತಿದ್ದರು, ಅದು ನ್ಯಾಬೋಕೆಗೆ ಗೊತ್ತಿತ್ತು.

ಧಾರಾವಾಹಿ ನಿಂತು ಆರು ವರ್ಷವಾಗಿತ್ತು. ಫೆಬ್ರವರಿ ಕೊನೆಯಲ್ಲಿ ವಾಹಿನಿಯವರು ಸುಂಬಾ ಮತ್ತೆ ಬರುತ್ತಾನೆಂದು ಘೋಷಿಸಿದ್ದರು. ಸೋಮವಾರದಿಂದ ಚಿತ್ರೀಕರಣ ಇತ್ತು.

ನ್ಯಾಬೋಕೆ ನಿಂತುಕೊಂಡೇ ಪ್ರಶ್ನೆ ಕೇಳಿದಳು.

“ಕೊನೆಗೆ ನೋಡಿದ್ದು ಎಷ್ಟು ಹೊತ್ತಿಗೆ?”

“ಎಂಟೂ ಹತ್ತು.”

“ಎಲ್ಲಿಗೆ ಅಂದ್ರು?”

“ಅಭಿಮಾನಿಗಳದ್ದೇನೋ ಉದ್ಘಾಟನೆ ಅಂದ್ರು. ನಿನ್ನೆ ಒಬ್ಬ ಹೆಂಗಸು ಫೋನ್ ಮಾಡಿದ್ಲು. ಹಳೇ ಕೋಟು ಇಸ್ತ್ರಿ ಮಾಡಿಸಿಕೊಂಡು ಹಾಕ್ಕೊಂಡು ಹೋದ್ರು. ಹನ್ನೊಂದಕ್ಕೆಲ್ಲ ಬರ್ತೀನಿ ಅಂದ್ರು.”

“ಫೋನು?”

“ಒಂಬತ್ತರಿಂದ ಆಫ್.”

ವಯಸ್ಕನೊಬ್ಬ ಐದು ತಾಸು ಕಾಣದಿದ್ದರೆ ಸಾಮಾನ್ಯವಾಗಿ ಸಂಜೆವರೆಗೆ ಕಾಯಿರಿ ಎನ್ನುವುದು ರೂಢಿ. ಆದರೆ ಮಿಲ್ಡ್ರೆಡ್ ಮತ್ತೆರಡು ಸಂಗತಿ ಹೇಳಿದಳು. ತಂದೆಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡಿದ್ದಾರೆ, ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಊಟ ಮಾಡದಿದ್ದರೆ ಕುಸಿದು ಬೀಳುತ್ತಾರೆ. ಎರಡನೆಯದು, ಬುಧವಾರ ಅವರ ಹೆಸರಿಗೆ ಒಂದು ಲಕೋಟೆ ಬಂದಿದೆ, ಅದು ಚೆನ್ನಾಗಿಲ್ಲ.

ನ್ಯಾಬೋಕೆ ಗಡಿಯಾರ ನೋಡಿದಳು. ಒಂದೂ ಮೂವತ್ತೈದು. ಫೋನ್ ಕಂಪನಿಗೆ ಕರೆಗಳ ವಿವರ ಕೇಳಿ ಪತ್ರ ಕಳಿಸಿದಳು. ವಾರಾಂತ್ಯವಾದ್ದರಿಂದ ಸೋಮವಾರಕ್ಕೆ ಮೊದಲು ಸಿಗುವುದು ಕಷ್ಟ ಎಂಬ ಉತ್ತರ ಬಂತು. ಜೀಪು ತೆಗೆಯಲು ಹೇಳಿದಳು.

ಅಗುಟು ಅವರ ಮನೆ ತಲುಪಿದಾಗ ಎರಡು ಗಂಟೆಗೆ ಐದು ನಿಮಿಷ ಇತ್ತು. ಕೋಣೆಯ ಮಹಜರು ಮಾಡಿದರು. ಜಗಳದ ಗುರುತಿಲ್ಲ, ಬೀಗ ಮುರಿದಿಲ್ಲ, ಇನ್ಸುಲಿನ್ ಪೆಟ್ಟಿಗೆ ಫ್ರಿಜ್ಜಿನಲ್ಲೇ ಇದೆ. ಲಕೋಟೆಯೊಳಗೆ ‘ಬಂದರು ಠಾಣೆ’ಯ ಹಳೆಯ ಭಿತ್ತಿಪತ್ರ ಮಡಿಚಿಟ್ಟಿತ್ತು. ಸುಂಬಾನ ಮುಖವನ್ನು ಕತ್ತರಿಯಿಂದ ಸುತ್ತಲೂ ಕತ್ತರಿಸಿ ತೆಗೆದಿದ್ದರು. ಕೆಳಗೆ ನೀಲಿ ಶಾಯಿಯಲ್ಲಿ ಒಂದೇ ಸಾಲು: ‘ಸುಂಬಾನನ್ನು ಮತ್ತೆ ಕರೆದುಕೊಂಡು ಬರಬೇಡಿ.’ ಸುಂಬಾ ಎಂಬ ಹೆಸರಿನ ಕೆಳಗೆ ಎರಡು ಗೆರೆ.

“ಇದನ್ನ ನೋಡಿ ಅವರು ಏನಂದ್ರು?” ಎಂದು ನ್ಯಾಬೋಕೆ ಕೇಳಿದಳು.

“ನಕ್ಕರು. ಮೊದಲೆಲ್ಲ ವರ್ಷಕ್ಕೆ ಒಂದು ಚೀಲ ಕಾಗದ ಬರ್ತಿತ್ತು, ಈಗ ಒಂದು ಬಂತಲ್ಲ ಅಂದ್ರು.”

ಆ ಚೀಲಗಳು ಹಿಂದಿನ ಕೋಣೆಯಲ್ಲಿದ್ದವು. ಇಸವಿಯ ಪ್ರಕಾರ ಹತ್ತು ಚೀಲ, ಒಂದೊಂದಕ್ಕೂ ಅಗುಟು ಅವರೇ ಬಟ್ಟೆ ಚೂರಿನ ಮೇಲೆ ಇಸವಿ ಬರೆದು ಹೊಲಿದಿದ್ದರು. ನ್ಯಾಬೋಕೆ ಮಕೋಖಾನನ್ನು ಅಗುಟು ಅವರು ದಿನಾ ಕೂರುವ ಚಹದಂಗಡಿಗೆ ಕಳಿಸಿ, ತಾನು ಮಿಲ್ಡ್ರೆಡ್ ಜೊತೆ ನೆಲದ ಮೇಲೆ ಕುಳಿತು ಚೀಲಗಳನ್ನು ಬಿಚ್ಚಿದಳು. ಎರಡು ಗೆರೆ ಎಳೆಯುವ ಕೈ ಬೇಕಾಗಿತ್ತು.

2009ರ ಚೀಲದಲ್ಲಿ ಎಲ್ಲರದ್ದೂ ಒಂದೇ ಮಾತು. ಸುಂಬಾ ನಮ್ಮ ಊರಿಗೆ ಬರಲಿ, ನಮ್ಮ ಕಳ್ಳರನ್ನು ಹಿಡಿಯಲಿ. ಸಾರ್ಜೆಂಟ್ ಲಿಮೊ ಎಂಬ ಪಾತ್ರವನ್ನು ತೆಗೆದುಹಾಕಿ ಎಂದು ಬರೆದವರೂ ನೂರಾರು ಮಂದಿ. ಆ ಲಿಮೊ ಸುಂಬಾನ ಕೈಕೆಳಗಿನ ಹೆಂಗಸು. ಪ್ರತಿ ಬಾರಿಯೂ ಏಟಿಗೆ ಮುಂಚೆ “ಮೊದಲು ಬರೆದುಕೊಳ್ಳೋಣ, ಸರ್,” ಎನ್ನುವುದೇ ಅವಳ ಕೆಲಸವಾಗಿತ್ತು. ನ್ಯಾಬೋಕೆ ಪೊಲೀಸ್ ತರಬೇತಿ ಶಾಲೆಯಲ್ಲಿದ್ದಾಗ ಗುರುವಾರ ಸಂಜೆ ಎಲ್ಲರೂ ಊಟದ ಕೋಣೆಯಲ್ಲಿ ಸೇರುತ್ತಿದ್ದರು. ಲಿಮೊ ಬಾಯಿ ತೆರೆದರೆ ಇನ್ನೂರು ಜನ ಒಟ್ಟಿಗೆ ಉಸ್ಸೆನ್ನುತ್ತಿದ್ದರು. ನ್ಯಾಬೋಕೆಯೂ ಎಂದವಳೇ. ಈಗ ಠಾಣೆಯಲ್ಲಿ ಬೆನ್ನ ಹಿಂದೆ ತನ್ನನ್ನು ಲಿಮೊ ಎಂದು ಕರೆಯುತ್ತಾರೆಂದು ಅವಳಿಗೆ ತಿಳಿದಿತ್ತು. ಅದರ ಬಗ್ಗೆ ಅವಳು ಯಾರೊಡನೆಯೂ ಮಾತಾಡಿರಲಿಲ್ಲ.

2014ರ ಚೀಲ ಅಷ್ಟು ತುಂಬಿರಲಿಲ್ಲ. ಅದರಲ್ಲಿ ಸಿಯಾಯಾ ಕಡೆಯ ಹೈಸ್ಕೂಲು ಹುಡುಗಿಯೊಬ್ಬಳು ಕೇಳಿದ್ದಳು: ‘ಸುಂಬಾ ಹೊಡೆದವರೆಲ್ಲ ಯಾವಾಗಲೂ ತಪ್ಪು ಮಾಡಿದವರೇ ಆಗಿರುತ್ತಾರಲ್ಲ, ಅದು ಹೇಗೆ? ಒಂದು ಸಲವೂ ಬೇರೆಯವನನ್ನು ಹಿಡಿಯಲಿಲ್ಲವೇ?’ ಅಗುಟು ಅವರು ಆ ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ ‘ಒಳ್ಳೇ ಪ್ರಶ್ನೆ’ ಎಂದು ಬರೆದು ಇಟ್ಟಿದ್ದರು. ಉತ್ತರ ಕಳಿಸಿದ ಗುರುತಿರಲಿಲ್ಲ. 2016ರಲ್ಲಿ ಲಿಮೊಳನ್ನು ಮೆಚ್ಚಿ ಬರೆದವರು ಕಾಣಿಸಿಕೊಂಡರು. ಅವಳು ಹೇಳಿದ್ದೇ ಸರಿ, ನಮಗೆ ಆಗ ಬುದ್ಧಿ ಇರಲಿಲ್ಲ ಎಂದು ಒಬ್ಬ ನಿವೃತ್ತ ಅಂಚೆಯವನು ಬರೆದಿದ್ದ. ಕೊನೆಯ ಚೀಲದಲ್ಲಿ ಕೈತುಂಬ ಕಾಗದಗಳೂ ಇರಲಿಲ್ಲ.

ಬೇಕಾದದ್ದು ಸಿಕ್ಕಿದ್ದು 2010ರ ಚೀಲದಲ್ಲಿ. ಆ ವರ್ಷ ಕಥೆ ಬರೆಯುವವರು ಸುಂಬಾನನ್ನು ಗುಂಡೇಟಿಗೆ ಬಲಿ ಕೊಟ್ಟು ಮುಗಿಸಲು ನಿರ್ಧರಿಸಿದ್ದರಂತೆ. ಸುದ್ದಿ ಹೊರಬಿದ್ದಾಗ ಅಭಿಮಾನಿಗಳು ಒಂದು ಮನವಿ ಸಲ್ಲಿಸಿದ್ದರು. ನಾನೂರ ಹನ್ನೆರಡು ಸಹಿ, ಹದಿನೆಂಟು ಹಾಳೆ, ಮೇಲೊಂದು ಕಾಗದ. ಸುಂಬಾನನ್ನು ಕೊಲ್ಲಬೇಡಿ, ಅವನಿದ್ದರೆ ನಮಗೆ ಪೊಲೀಸರ ಮೇಲೆ ನಂಬಿಕೆ ಎಂದು ಅದರಲ್ಲಿತ್ತು. ಸುಂಬಾ ಎಂಬ ಹೆಸರು ಬಂದಲ್ಲೆಲ್ಲ ಕೆಳಗೆ ಎರಡು ಗೆರೆ. ಸಹಿ: ರೋಸೆಲಿನ್ ಅದೊಯೊ, ಅಭಿಮಾನಿ ಸಂಘದ ಸ್ಥಾಪಕಿ. ವಿಳಾಸ: ವಿಡಿಯೊ ಹಾಲ್, ಹಳೆ ಮಾರುಕಟ್ಟೆ ಹಿಂಭಾಗ, ಕಿಸುಮು.

“ಈ ಹೆಂಗಸು ನನಗೆ ಗೊತ್ತು,” ಎಂದಳು ಮಿಲ್ಡ್ರೆಡ್ ಮೆಲ್ಲನೆ. “ಮನೆಗೆ ಬಂದಿದ್ಲು. ಅಪ್ಪನ ಪಾತ್ರ ಉಳೀತಲ್ಲ, ಆವಾಗ ಮೀನು ತಂದುಕೊಟ್ಟಿದ್ಲು. ಎಲ್ಲರೂ ಅವಳನ್ನ ಮಾಮಾ ಸುಂಬಾ, ಸುಂಬಾನ ಅಮ್ಮ, ಅಂತ ಕರೀತಿದ್ರು.”

ಎರಡೂ ಐವತ್ತಕ್ಕೆ ಮಕೋಖಾ ಬಾಡಿಗೆಗೆ ಜನರನ್ನು ಹತ್ತಿಸಿಕೊಳ್ಳುವ ಒಬ್ಬ ಬೋಡಾ ಬೈಕಿನವನನ್ನು ಕರೆದುಕೊಂಡು ಬಂದ. ಚಹದಂಗಡಿಯವನು ಗುರುತು ಹೇಳಿದ್ದ. ಬೆಳಿಗ್ಗೆ ಎಂಟೂವರೆಗೆ ಕಂದು ಕೋಟಿನ ಹಿರಿಯರನ್ನು, ಮ್ಜೇ ಒಬ್ಬರನ್ನು, ಹತ್ತಿಸಿಕೊಂಡು ಹಳೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಬಿಟ್ಟೆ, ಛತ್ರಿ ಹಿಡಿದ ಹೆಂಗಸೊಬ್ಬಳು ಕಾಯುತ್ತಿದ್ದಳು ಎಂದು ಅವನು ಒಪ್ಪಿಕೊಂಡ. ದಾರಿಯಲ್ಲಿ ಏನಾದರೂ ಮಾತಾಯಿತೇ ಎಂದು ನ್ಯಾಬೋಕೆ ಕೇಳಿದಳು. ಬೈಕಿನವನು ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತ, ಪೊಲೀಸ್ ಅಧಿಕಾರಿಗಳನ್ನು ಎಲ್ಲರೂ ಕರೆಯುವಂತೆ ಅವಳನ್ನು ಅಫಾಂದೆ ಎಂದು ಕರೆದ.

“ಹೇಳಬಾರದಿತ್ತೇನೋ, ಅಫಾಂದೆ. ಹೇಳಿಬಿಟ್ಟೆ. ಮ್ಜೇ, ಚಿಕ್ಕವನಿದ್ದಾಗ ನಿಮ್ಮನ್ನ ನೋಡೋಕೆ ಮನೆಯಿಂದ ಕದ್ದು ಓಡಿ ಬರ್ತಿದ್ದೆ, ಈಗ ಟಿವಿಯಲ್ಲಿ ನಿಮ್ಮ ಮುಖ ಬಂದ್ರೆ ಚಾನೆಲ್ ಬದಲಾಯಿಸ್ತೀನಿ ಅಂದೆ.”

“ಯಾಕೆ?”

“ಬೋಡಾ ಓಡಿಸೋಕೆ ಶುರು ಮಾಡಿದ ಮೇಲೆ ಆ ಕುರ್ಚಿ ಅದರಲ್ಲಿ ಕೂತವನಿಗೆ ಹೇಗೆ ಕಾಣುತ್ತೆ ಅಂತ ಗೊತ್ತಾಯ್ತಲ್ಲ.” ಅವನು ಮಕೋಖಾನ ಕಡೆ ನೋಡಲಿಲ್ಲ. “ಬೇಜಾರು ಮಾಡ್ಕೊಳ್ಳಲಿಲ್ಲ ಅವರು. ಬಾಡಿಗೆ ಮೇಲೆ ಇನ್ನೂ ಐವತ್ತು ಶಿಲಿಂಗ್ ಕೊಟ್ಟು ಹೋದ್ರು.”

ಜೀಪಿನಲ್ಲಿ ಮಕೋಖಾ ತನ್ನ ಫೋನಿನಲ್ಲಿದ್ದ ಅಭಿಮಾನಿಗಳ ಗುಂಪನ್ನು ತೆರೆದು ತೋರಿಸಿದ. ಅವನು ಹದಿನಾರನೇ ವಯಸ್ಸಿನಿಂದ ಅದರ ಸದಸ್ಯ. ಮಾಮಾ ಸುಂಬಾ ಎಂಬವಳು ಒಂದು ಕಾಲದಲ್ಲಿ ದಿನಕ್ಕೆ ಹತ್ತು ಸಲ ಬರೆಯುತ್ತಿದ್ದಳು. ಪ್ರತಿ ಕಂತಿಗೂ ಅಂಕ ಕೊಡುತ್ತಿದ್ದಳು, ಎದುರು ಮಾತಾಡಿದವರಿಗೆ ಗುಂಪಿನಿಂದ ಹೊರದಾರಿ ತೋರಿಸುತ್ತಿದ್ದಳು. 2016ರ ನವೆಂಬರ್ 19ಕ್ಕೆ ಅವಳ ಮಾತು ನಿಂತಿತ್ತು. ಮತ್ತೆ ಕಾಣಿಸಿಕೊಂಡದ್ದು ಮೊನ್ನೆ ಫೆಬ್ರವರಿ 28ರಂದು, ಸುಂಬಾ ಬರುತ್ತಾನೆಂಬ ಘೋಷಣೆಯ ದಿನ. ‘ಇದಕ್ಕೆ ನೀವು ಯಾರೂ ಚಪ್ಪಾಳೆ ಹೊಡೆಯಬೇಡಿ’ ಎಂದು ಬರೆದಿದ್ದಳು. ಕೆಳಗೆ ಇನ್ನೂರಕ್ಕೂ ಹೆಚ್ಚು ಉತ್ತರಗಳು. ಅರ್ಧದಷ್ಟು ಜನ ಅವಳನ್ನು ಹೀಯಾಳಿಸಿದ್ದರು, ಬಣ್ಣ ಬದಲಾಯಿಸಿದಳು ಎಂದಿದ್ದರು. ಉಳಿದರ್ಧ ಜನ ತಮಗೂ ಸುಂಬಾ ಸಾಕಾಗಿದ್ದಾನೆ, ಆದರೆ ನೋಡದೆ ಇರಲಾರೆವು ಎಂದು ಬರೆದಿದ್ದರು.

“ನೀವೇನು ಬರೆದ್ರಿ?” ಎಂದು ನ್ಯಾಬೋಕೆ ಕೇಳಿದಳು.

ಮಕೋಖಾ ಫೋನು ಜೇಬಿಗಿಟ್ಟು, “ಹೀಯಾಳಿಸಿದವರಲ್ಲಿ ನಾನೂ ಇದ್ದೀನಿ, ಅಫಾಂದೆ,” ಎಂದ.

ಮೂರೂ ಇಪ್ಪತ್ತಕ್ಕೆ ಜೀಪು ಓಣಿಯ ಬಾಯಿಯಲ್ಲಿ ನಿಂತಿತು. ವಿಡಿಯೊ ಹಾಲ್ ಎಂದರೆ ತಗಡಿನ ಗೋಡೆ, ತಗಡಿನ ಮಾಡು. ಮನೆಮನೆಗೆ ಟಿವಿ ಬಂದ ಮೇಲೆ ಅದು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಬಾಗಿಲಿಗೆ ಹೊರಗಿನಿಂದ ಬೀಗ. ಪಕ್ಕದ ಟಿಕೆಟ್ ಕಿಂಡಿಯ ಮುಂದೆ ಬೆಂಚಿನ ಮೇಲೆ ನಲವತ್ತಾರು ನಲವತ್ತೇಳರ ಹೆಂಗಸೊಬ್ಬಳು ಮೊರದಲ್ಲಿ ಒಣ ಒಮೆನಾ ಮೀನು ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಒಳಗಿನಿಂದ ಟಿವಿಯ ಸದ್ದು ಬರುತ್ತಿತ್ತು. ಪೊಲೀಸರನ್ನು ಕಂಡು ಅವಳು ಏಳಲಿಲ್ಲ.

“ರೋಸೆಲಿನ್ ಅದೊಯೊ?”

“ನಾನೇ. ಇನ್ನೊಂದು ಹತ್ತು ನಿಮಿಷ ಇದೆ, ಅಫಾಂದೆ. ಮುಗೀಲಿ.”

“ಏನು ಮುಗೀಲಿ?”

“ಕೊನೇ ಕಂತು.”

“ಬೀಗದ ಕೈ ಕೊಡಿ.”

“ಅವರಿಗೆ ಊಟ ಆಗಿದೆ. ಹನ್ನೆರಡಕ್ಕೆ ಸರಿಯಾಗಿ ಉಗಾಲಿ ಮುದ್ದೆ, ಮೀನು ಕಿಂಡಿಯಿಂದ ಕೊಟ್ಟಿದ್ದೀನಿ. ಸೂಜಿ ಚುಚ್ಚಿಕೊಳ್ಳೋರು ಹೊತ್ತು ಮೀರಬಾರದು. ಹನ್ನೊಂದು ವರ್ಷದ ಹಿಂದೆ ಪತ್ರಿಕೆಯಲ್ಲಿ ಅವರೇ ಹೇಳಿದ್ರು, ಕತ್ತರಿಸಿ ಇಟ್ಟಿದ್ದೀನಿ.”

ನ್ಯಾಬೋಕೆ ಕೈ ಚಾಚಿದಳು. ರೋಸೆಲಿನ್ ಮೊರ ಕೆಳಗಿಟ್ಟು, ಸೊಂಟದ ಗಂಟಿನಿಂದ ಬೀಗದ ಕೈ ಬಿಚ್ಚಿ ಕೊಟ್ಟಳು. ಮೂರೂ ಇಪ್ಪತ್ತನಾಲ್ಕಕ್ಕೆ ಬಾಗಿಲು ತೆರೆದರು.

ಒಳಗೆ ಬೆಂಚುಗಳ ಸಾಲು, ಎದುರು ಗೋಡೆಯಲ್ಲಿ ಎತ್ತರಕ್ಕೆ ಕಬ್ಬಿಣದ ಪಂಜರದೊಳಗೆ ಟಿವಿ. ಡಿಸ್ಕು ನಡೆಸುವ ಪೆಟ್ಟಿಗೆ ಹೊರಗೆ ಕಿಂಡಿಯಲ್ಲಿತ್ತು, ಒಳಗಿದ್ದವರು ಆರಿಸುವ ಹಾಗಿರಲಿಲ್ಲ. ಮೊದಲ ಬೆಂಚಿನಲ್ಲಿ ಇಬ್ಬರು ಕುಳಿತಿದ್ದರು. ಒಬ್ಬರು ಎಲಿಯಾ ಅಗುಟು. ಇನ್ನೊಬ್ಬ ಮೂವತ್ತನಾಲ್ಕರ ಆಸುಪಾಸಿನ ತೆಳ್ಳಗಿನ ಗಂಡಸು. ಸುಂಬಾನ ಕಂದು ಕೋಟು ಆ ಗಂಡಸಿನ ತಲೆಗೆ ಸುತ್ತಿಕೊಂಡಿತ್ತು, ಅಗುಟು ಅವರು ಅದರ ಅಂಚನ್ನು ಅವನ ಬಲಗಿವಿಯ ಮೇಲೆ ಅಂಗೈಯಿಂದ ಒತ್ತಿ ಹಿಡಿದಿದ್ದರು. ಪರದೆಯ ಮೇಲಿನ ಅಗುಟು ಎಣಿಸಲು ಶುರುಮಾಡಿದ್ದರು. ಬೆಂಚಿನ ಮೇಲಿನ ಅಗುಟು ಆ ಕಡೆ ನೋಡುತ್ತಿರಲಿಲ್ಲ.

ಮಕೋಖಾ ಕಿಂಡಿಗೆ ಓಡಿ ಪೆಟ್ಟಿಗೆ ಆರಿಸಿದ.

“ನಿಮಗೇನಾದ್ರೂ ಆಗಿದೆಯಾ, ಮ್ಜೇ?” ಎಂದು ನ್ಯಾಬೋಕೆ ಕೇಳಿದಳು.

“ನನಗೇನೂ ಆಗಿಲ್ಲ.” ಅವರ ದನಿ ಒಡೆದಿತ್ತು. “ಇವನನ್ನ ಮೊದಲು ಹೊರಗೆ ಕರಕೊಂಡು ಹೋಗಮ್ಮ.”

ಆ ಗಂಡಸು ರೋಸೆಲಿನ್‌ಳ ತಮ್ಮ ಫಾನುಯೆಲ್. ಎಡಗಿವಿ ಪೂರ್ತಿ ಕಿವುಡಾಗಿತ್ತು. ಬಲಗೈ ಬೆರಳುಗಳು ಮಡಿಚುತ್ತಿರಲಿಲ್ಲ. ಮೊದಲು ಸರೋವರದ ದಡದಲ್ಲಿ ಬಲೆ ಹೆಣೆಯುತ್ತಿದ್ದವನು, ಹರಿದ ಬಲೆ ಅವನ ಕೈಗೆ ಬಂದರೆ ಹೊಸದಾಗಿ ಹೋಗುತ್ತಿತ್ತಂತೆ. ಆರು ವರ್ಷದಿಂದ ಅಕ್ಕನ ಅಂಗಡಿಯಲ್ಲಿ ಕುಳಿತಿರುತ್ತಿದ್ದ.

ಮೂರೂ ನಲವತ್ತಕ್ಕೆ ರೋಸೆಲಿನ್ ಅದೊಯೊಳನ್ನು ಅಕ್ರಮ ಬಂಧನದ ಆರೋಪದ ಮೇಲೆ ದಸ್ತಗಿರಿ ಮಾಡಲಾಯಿತು. ಬಾಗಿಲಿನ ಬೀಗ, ಪೆಟ್ಟಿಗೆ, ಹದಿನಾಲ್ಕು ಡಿಸ್ಕುಗಳು, ಕತ್ತರಿಸಿ ತೆಗೆದ ಸುಂಬಾನ ಮುಖ, ಇವನ್ನು ಮಹಜರಿನಲ್ಲಿ ಪಟ್ಟಿ ಮಾಡಿದರು. ಅಗುಟು ಅವರು ಜೀಪಿನ ಪಕ್ಕ ನಿಂತು, ತಾನು ದೂರು ಕೊಟ್ಟಿಲ್ಲ, ಆ ಹೆಂಗಸನ್ನು ಬಿಟ್ಟುಬಿಡಿ ಎಂದರು. ನ್ಯಾಬೋಕೆ ಒಪ್ಪಲಿಲ್ಲ. ಬಾಗಿಲಿಗೆ ಬೀಗ ಹಾಕಿದ್ದು ನಿಜ, ಮಗಳ ದೂರು ದಾಖಲಾಗಿರುವುದು ನಿಜ. ಒಳ್ಳೆಯ ಕಾರಣಕ್ಕೆ ಎಂದು ಇವಳನ್ನು ಬರೆಯದೆ ಬಿಟ್ಟರೆ, ನಾಳೆ ಬೇರೆ ಯಾರನ್ನೋ ಒಳ್ಳೆಯ ಕಾರಣಕ್ಕೆ ಎಂದೇ ಬರೆಯದೆ ಹೊಡೆಯುತ್ತಾರೆ ಎಂದು ಅವಳು ನಿಧಾನವಾಗಿ ಹೇಳಿದಳು. ಅಗುಟು ಅವರು ಅವಳ ಮುಖವನ್ನೇ ನೋಡುತ್ತಿದ್ದರು. ಕಡೆಗೆ, ಒಂಬತ್ತು ವರ್ಷ ಪಕ್ಕದಲ್ಲಿ ನಿಂತು ಲಿಮೊ ಇದನ್ನೇ ಹೇಳುತ್ತಿದ್ದಳು, ತಾನು ಸಂಭಾಷಣೆ ಕೊಡಲು ತನ್ನ ಸರದಿ ಕಾಯುತ್ತಿದ್ದೆನೇ ಹೊರತು ಕಿವಿಗೊಟ್ಟಿರಲಿಲ್ಲ ಎಂದರು.

ಠಾಣೆಯಲ್ಲಿ ಒಬ್ಬೊಬ್ಬರದೇ ಹೇಳಿಕೆ ತೆಗೆದುಕೊಂಡರು. ಅಗುಟು ಅವರ ಹೇಳಿಕೆ ಒಂದೂವರೆ ಪುಟ. ಒಳಗೆ ಹೋದ ಕೂಡಲೇ ಬಾಗಿಲು ಹಾಕಿಕೊಂಡಿತು. ಫೋನು ಟಿಕೆಟ್ ಕಿಂಡಿಯಲ್ಲಿಟ್ಟು ಬನ್ನಿ ಎಂದಿದ್ದಳು, ಇಟ್ಟಿದ್ದರು. ಕಿಂಡಿಯಿಂದ ಅವಳು ಹೇಳಿದ್ದು ಒಂದೇ ಮಾತು: ನೀವು ಎಣಿಸುವಾಗ ಪರದೆ ನೋಡಬೇಡಿ, ಪಕ್ಕದಲ್ಲಿ ಕೂತವನನ್ನು ನೋಡಿ. ಮೊದಲ ಒಂದು ಗಂಟೆ ಬಾಗಿಲು ಬಡಿದರು, ಕೂಗಿದರು. ಆ ಮೇಲೆ ಬಡಿಯಲಿಲ್ಲ.

“ಯಾಕೆ ನಿಲ್ಲಿಸಿದ್ರಿ?” ಎಂದು ನ್ಯಾಬೋಕೆ ಕೇಳಿದಳು.

“ಒಂದು ಅನ್ನೋಕೂ ಮೊದಲೇ ಅವನ ಭುಜ ಮೇಲೆ ಹೋಗೋದು. ನಾನು ಕೋಟು ಬಿಚ್ಚೋ ಹೊತ್ತಿಗೇ. ಅವನಿಗೆ ಗೊತ್ತಾಗದ ಹಾಗೇ ಹೋಗೋದು.” ಅವರು ತಮ್ಮ ಭುಜವನ್ನು ಸ್ವಲ್ಪ ಎತ್ತಿ ತೋರಿಸಿ ತಕ್ಷಣ ಇಳಿಸಿದರು, ನಟನೆ ಮಾಡಿದ ಹಾಗಾಯಿತೆಂದು ನಾಚಿಕೊಂಡವರಂತೆ. “ನನ್ನ ಎದುರು ಆ ಕುರ್ಚಿಯಲ್ಲಿ ನಾನೂರು ಜನ ಕೂತಿದ್ದಾರೆ. ಯಾರೂ ಹಾಗೆ ಮಾಡಿರಲಿಲ್ಲ. ಅವರಿಗೆ ಏಟು ಬೀಳ್ತಿರಲಿಲ್ಲವಲ್ಲ.”

ಫಾನುಯೆಲ್‌ನ ಬಲಗಡೆ ಕುಳಿತು ನ್ಯಾಬೋಕೆ ಪ್ರಶ್ನೆ ಕೇಳಿದಳು, ಅವನು ನಿಧಾನವಾಗಿ ಉತ್ತರಿಸಿದ. 2016ರ ನವೆಂಬರ್ 20ರಂದು ಬೇರೊಂದು ಊರಿನ ಠಾಣೆಯಲ್ಲಿ ಕಳುವಾದ ಮೋಟಾರ್ ಸೈಕಲ್ಲಿನ ವಿಷಯಕ್ಕೆ ಅವನನ್ನು ಕೂರಿಸಿದ್ದರು. ಹೊಡೆದವನು ಮೊದಲು ತನ್ನ ಜಾಕೆಟ್ ಕಳಚಿ ಗೋಡೆಗೆ ತೂಗುಹಾಕಿದ. ಮೂರರವರೆಗೆ ಎಣಿಸಿ, ಕೋಣೆಯಲ್ಲಿದ್ದ ಉಳಿದವರ ಕಡೆ ತಿರುಗಿದ. ನಾಲ್ಕು ನನಗೆ ಬರಲ್ಲ ಎಂದು ಅವರೆಲ್ಲ ಒಟ್ಟಿಗೆ ಹೇಳಿ ನಕ್ಕರು. ಫಾನುಯೆಲ್ ಕೂಡ ನಕ್ಕನಂತೆ, ಅವನೂ ವರ್ಷಗಟ್ಟಲೆ ಅದೇ ಧಾರಾವಾಹಿ ನೋಡಿದವನು, ತಮಾಷೆ ಎಂದುಕೊಂಡಿದ್ದ. ಎರಡನೇ ದಿನಕ್ಕೆ ಕದ್ದೆ ಎಂದು ಒಪ್ಪಿಕೊಂಡ. ಎಂಟು ದಿನದ ಮೇಲೆ ಮೋಟಾರ್ ಸೈಕಲ್ಲು ಮಾಲೀಕನ ನೆಂಟನ ಮನೆಯಲ್ಲಿ ಸಿಕ್ಕಿತು. ಅಕ್ಕ ಮೂರು ವರ್ಷ ದೂರು ಹಿಡಿದು ಕಚೇರಿಗಳಿಗೆ ಅಲೆದಳು. ಸಾಕ್ಷಿಯಿಲ್ಲ ಎಂದು ದಾಖಲಿಸದೆ ಮರಳಿಸಿದರು.

“ಇವತ್ತು ಒಳಗೆ ಕೂರೋಕೆ ನೀವು ಒಪ್ಪಿದ್ರಾ?”

“ಅಕ್ಕ ಹೇಳಿದ್ಲು, ಕೂತೆ. ಎರಡನೇ ಕಂತಿಗೇ ಸಾಕು ಅನ್ನಿಸ್ತು. ಹೇಳೋಕೆ ಆಗಲಿಲ್ಲ.” ಅವನು ಎಡಗೈಯಿಂದ ಬಲಗಿವಿ ಮುಟ್ಟಿಕೊಂಡ. “ಆ ಮ್ಜೇ ನೋಡಿ ಕೋಟು ಸುತ್ತಿದ್ರು.”

ನ್ಯಾಬೋಕೆ ಅದೆಲ್ಲವನ್ನೂ ಅವನು ಹೇಳಿದ ಹಾಗೇ ಬರೆದಳು. ಈ ಪ್ರಕರಣದ ಕಾರಣ ತಿಳಿಯಲು ಆ ವಿವರ ಬೇಕು ಎಂದು ಟಿಪ್ಪಣಿ ಸೇರಿಸಿದಳು. ಹಾಗೆ ಸೇರಿಸಿದ್ದರಿಂದ, ಆರು ವರ್ಷ ಯಾವ ಠಾಣೆಯೂ ಬರೆದುಕೊಳ್ಳದ ಸಂಗತಿ ಮೊದಲ ಬಾರಿಗೆ ಸಂಖ್ಯೆ ಬಿದ್ದ ಕಡತವೊಂದರೊಳಗೆ ಸೇರಿತು. ಅದರ ಪ್ರತಿಯನ್ನು ಪೊಲೀಸರ ಮೇಲಿನ ದೂರುಗಳನ್ನು ನೋಡುವ ಪ್ರಾಧಿಕಾರಕ್ಕೆ ಕಳಿಸಲು ಲಕೋಟೆಯ ಮೇಲೆ ವಿಳಾಸ ಬರೆಯುತ್ತಿದ್ದಾಗ ಮಕೋಖಾ ಬಾಗಿಲಲ್ಲಿ ಬಂದು ನಿಂತ.

“ಅಫಾಂದೆ, ಜನವರಿಯಲ್ಲಿ ಆ ಜೇಬುಗಳ್ಳನನ್ನ ಹಿಡಿದಿದ್ವಲ್ಲ, ಅವನಿಗೆ ನಾನೂ ಎಣಿಸಿದೆ.”

“ಹೊಡೆದ್ರಾ?”

“ಇಲ್ಲ. ಮೂರರ ಹೊತ್ತಿಗೆ ಅವನೇ ಹೇಳಿಬಿಟ್ಟ.”

“ಹೇಳಿದ್ದು ನಿಜಾನಾ?”

ಮಕೋಖಾ ಬಾಗಿಲಿನ ಚೌಕಟ್ಟಿಗೆ ಕೈ ಆನಿಸಿದ. “ಗೊತ್ತಿಲ್ಲ, ಅಫಾಂದೆ. ಆವಾಗ ನಿಜ ಅಂತಲೇ ಅನ್ನಿಸಿತ್ತು.”

ಸೋಮವಾರ ಆ ಕಡತ ತೆಗೆದು ಮೊದಲಿನಿಂದ ನೋಡಿ ಎಂದಳು ನ್ಯಾಬೋಕೆ. ಅವನು ಹಾಗೇ ಮಾಡಿದ.

ಮುಂದೆ ನಡೆದದ್ದು ಇಷ್ಟು. ರೋಸೆಲಿನ್ ತಪ್ಪೊಪ್ಪಿಕೊಂಡಳು. ಅಗುಟು ಅವರು ನ್ಯಾಯಾಲಯಕ್ಕೆ ಬಂದು ಅವಳ ಪರವಾಗಿ ಮಾತಾಡಿದರು. ಮ್ಯಾಜಿಸ್ಟ್ರೇಟರು ಅವಳನ್ನು ಜೈಲಿಗೆ ಕಳಿಸದೆ ಒಂದು ವರ್ಷ ಅಧಿಕಾರಿಯ ನಿಗಾದಲ್ಲಿರಲು ಆದೇಶಿಸಿದರು. ಅಗುಟು ಅವರು ಚಿತ್ರೀಕರಣಕ್ಕೆ ಹೋಗಲಿಲ್ಲ. ವಾಹಿನಿಯವರು ಮೂರೇ ವಾರದಲ್ಲಿ ಒಬ್ಬ ಯುವಕನನ್ನು ಸುಂಬಾ ಮಾಡಿದರು. ಅಭಿಮಾನಿಗಳ ಗುಂಪಿನಲ್ಲಿ ಕೆಲವರು ಅಗುಟು ಹೆದರಿ ಓಡಿದರು ಎಂದು ಬರೆದರು, ಕೆಲವರು ಅವರ ಮೇಲಿನ ಗೌರವ ಈಗ ಹೆಚ್ಚಿತು ಎಂದರು, ಬಹಳ ಮಂದಿ ಹೊಸ ಸುಂಬಾನ ಗಡ್ಡದ ಬಗ್ಗೆ ವಾದ ಮಾಡಿದರು. ಪ್ರಾಧಿಕಾರ ಫಾನುಯೆಲ್‌ನ ಹೇಳಿಕೆ ತಲುಪಿದೆಯೆಂದು ತಿಳಿಸಿ, ಅಂದು ಆ ಠಾಣೆಯಲ್ಲಿದ್ದ ನಾಲ್ವರ ಹೆಸರು ಕೇಳಿತು. ತನಿಖೆ ಇನ್ನೂ ನಡೆಯುತ್ತಿದೆ.

ಆ ಶನಿವಾರ ಸಂಜೆ ಆರು ಗಂಟೆಗೆ ಕೊನೆಯದಾಗಿ ರೋಸೆಲಿನ್‌ಳ ಹೇಳಿಕೆ ತೆಗೆದುಕೊಂಡಿದ್ದರು. ಅವಳು ಅಳಲಿಲ್ಲ. ಹೊಡೆದವರ ಹೆಸರು, ಹುದ್ದೆ, ಅವರ ಈಗಿನ ಊರು ಎಲ್ಲವೂ ಅವಳಿಗೆ ಬಾಯಿಪಾಠವಾಗಿತ್ತು. ಅವರನ್ನು ಬಿಟ್ಟು ಒಬ್ಬ ಮುದುಕ ನಟನನ್ನು ಯಾಕೆ ಕೂಡಿಹಾಕಿದಿರಿ ಎಂದು ನ್ಯಾಬೋಕೆ ಕೇಳಿದಳು.

“ಆ ಪೊಲೀಸರನ್ನ ತಂದವಳು ನಾನಲ್ಲ, ಸುಂಬಾನನ್ನ ಉಳಿಸಿದವಳು ನಾನು,” ಎಂದಳು ರೋಸೆಲಿನ್. “ಸುಂಬಾ ಸಾಯೋನಿದ್ದ. ಮನೆಮನೆ ತಿರುಗಿ ನಾನೂರ ಹನ್ನೆರಡು ಸಹಿ ಹಾಕಿಸಿದೆ. ಫಾನುಯೆಲ್ ಕೈಲೂ ಹಾಕಿಸಿದೆ. ಸುಂಬಾ ಉಳಿದ, ಇನ್ನೂ ಏಳು ವರ್ಷ ಎಣಿಸಿದ. ಈಗ ಮತ್ತೆ ಬರ್ತಾನೆ ಅಂದ್ರು. ಯಾರಿಗೆ ಹೇಳಲಿ? ಸಂಘದವರಿಗೆ ಹೇಳಿದೆ, ನಕ್ಕರು. ಸರಿ, ಅಗುಟು ಅವರೇ ಒಂದು ಸಲ ನೋಡಲಿ ಅನ್ನಿಸ್ತು. ಅವರು ಹೊಡೆಯುವಾಗ ಎಲ್ಲರೂ ಅವರ ಮುಖಾನೇ ನೋಡ್ತಿದ್ವಿ. ನಾನೂ ಅಷ್ಟೇ.”

“ನಿಮ್ಮ ತಮ್ಮನನ್ನೂ ಏಳು ಗಂಟೆ ಅದರ ಮುಂದೆ ಕೂರಿಸಿದ್ರಿ. ಅವರನ್ನ ಕೇಳಿದ್ರಾ?”

ರೋಸೆಲಿನ್ ಮೇಜಿನ ಅಂಚನ್ನು ಹಿಡಿದುಕೊಂಡಳು. ನ್ಯಾಬೋಕೆ ಎರಡು ನಿಮಿಷ ಕಾದು, ‘ಉತ್ತರವಿಲ್ಲ’ ಎಂದು ಬರೆದಳು. ನಂತರ ಇಡೀ ಹೇಳಿಕೆಯನ್ನು ಗಟ್ಟಿಯಾಗಿ ಓದಿ ಹೇಳಿದಳು. ತಿದ್ದುಪಡಿ ಏನಾದರೂ ಇದೆಯೇ ಎಂದು ನಿಯಮದಂತೆ ಕೇಳಿದಳು.

“ಒಂದಿದೆ,” ಎಂದಳು ರೋಸೆಲಿನ್. “ಎಲ್ಲಾ ಕಡೆ ‘ಆರೋಪಿಯ ತಮ್ಮ’ ಅಂತ ಬರೆದಿದ್ದೀರಿ. ಹೆಸರು ಬರೀರಿ. ಆ ಧಾರಾವಾಹೀಲಿ ಕುರ್ಚಿ ಮೇಲೆ ಕೂತವರಿಗೆ ಯಾರಿಗೂ ಹೆಸರಿರಲಿಲ್ಲ, ಅಫಾಂದೆ. ನೂರಾರು ಕಂತು ನೋಡಿದ್ದೀನಿ, ಒಬ್ಬರದೂ ನನಗೆ ನೆನಪಿಲ್ಲ.”

ನ್ಯಾಬೋಕೆ ಹಾಳೆಯನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡಳು. ಆ ಮಾತು ಆರು ಕಡೆ ಬಂದಿತ್ತು. ಆರೂ ಕಡೆ ಅದನ್ನು ಹೊಡೆದುಹಾಕಿ, ಮೇಲೆ ಫಾನುಯೆಲ್ ಎಂದು ಬರೆದು, ಒಂದೊಂದರ ಪಕ್ಕದಲ್ಲೂ ತನ್ನ ಚಿಕ್ಕ ಸಹಿ ಹಾಕಿದಳು.